ಆರ್ಕಿಮಿಡೀಸ್ ನಿಜಕ್ಕೂ ಒಂದೇ ಕೈಯಲ್ಲಿ ಹಡಗು ಎಳೆದನೇ? ರಾಟೆ, ಸನ್ನೆ ಮತ್ತು ಒಬ್ಬ ಗಣಿತಜ್ಞನ ಬದುಕು

ಗಡ್ಡದ ಮುದುಕನೊಬ್ಬ ಸಮುದ್ರದ ದಡದಲ್ಲಿ ಆರಾಮಾಗಿ ಕೂತು ಹಗ್ಗ ಎಳೆಯುತ್ತಿದ್ದಾನೆ. ಹಗ್ಗದ ಇನ್ನೊಂದು ತುದಿಯಲ್ಲಿ ದೊಡ್ಡ ಹಡಗು. ಕೆಳಗೆ ನಾಲ್ಕು ಸಾಲು: ಆರ್ಕಿಮಿಡೀಸ್ ರಾಟೆ ಕಂಡುಹಿಡಿದ, ನೂರಾರು ಜನರಿಂದ ಆಗದ ಹಡಗನ್ನು ಒಬ್ಬನೇ ಎಳೆದ, ಭೂಮಿಯನ್ನೇ ಎತ್ತುತ್ತೇನೆ ಎಂದ, ಬುದ್ಧಿಯಿದ್ದರೆ ಬಲ ಬೇಡ. ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಓದಲು ಚೆನ್ನಾಗಿದೆ, ಮಕ್ಕಳಿಗೆ ಹೇಳಲೂ ಚೆನ್ನಾಗಿದೆ. ಎಷ್ಟು ನಿಜ?

ಪೂರ್ತಿ ಓದಲು ಸಮಯ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇವೆ. ರಾಟೆಯನ್ನಾಗಲಿ ಸನ್ನೆಯನ್ನಾಗಲಿ ಕಂಡುಹಿಡಿದವನು ಆರ್ಕಿಮಿಡೀಸ್ ಅಲ್ಲ. ಹಡಗಿನ ಕಥೆ ಹಳೆಯ ಪುಸ್ತಕಗಳಲ್ಲಿ ಇದೆ, ಆದರೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ಭೂಮಿ ಎತ್ತುವ ಮಾತಿನಲ್ಲಿ ನಾವೆಲ್ಲ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಮರೆತುಹೋದ ಆ ಇನ್ನರ್ಧ ಗ್ಯಾರೇಜಿನಲ್ಲಿ, ಕಟ್ಟಡ ಕೆಲಸದಲ್ಲಿ ಭಾರ ಎತ್ತುವವರಿಗೆ ತಿಳಿದಿರಲೇಬೇಕಾದ ವಿಷಯ.

ಯಾರು ಈ ಆರ್ಕಿಮಿಡೀಸ್?

ಇಟಲಿಯ ನಕ್ಷೆ ನೋಡಿದರೆ ಬೂಟಿನ ಆಕಾರದ ದೇಶ, ಅದರ ತುದಿಯಲ್ಲಿ ಒಂದು ದ್ವೀಪ. ಅದೇ ಸಿಸಿಲಿ. ಅದರ ಪೂರ್ವ ಕರಾವಳಿಯ ಸಿರಾಕ್ಯೂಸ್ ಪಟ್ಟಣ ಆಗ ಗ್ರೀಕ್ ಭಾಷೆಯವರ ದೊಡ್ಡ ಬಂದರು. ಆರ್ಕಿಮಿಡೀಸ್ ಹುಟ್ಟಿದ್ದು ಅಲ್ಲೇ, ಸುಮಾರು ಕ್ರಿ.ಪೂ. 287ರಲ್ಲಿ. ಈ ಇಸವಿ ಕೂಡ ನೇರವಾಗಿ ಎಲ್ಲೂ ಬರೆದಿಟ್ಟದ್ದಲ್ಲ. ಸತ್ತಾಗ ಅವನಿಗೆ 75 ವರ್ಷ ಎಂದು ಬಹಳ ಕಾಲದ ನಂತರ, 12ನೇ ಶತಮಾನದಲ್ಲಿ ಒಬ್ಬ ಲೇಖಕ ಬರೆದ. ಸತ್ತದ್ದು ಕ್ರಿ.ಪೂ. 212ರಲ್ಲಿ ಎಂಬುದು ಗೊತ್ತಿದೆ. ಕೂಡಿಸಿದರೆ 287 ಬರುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕೆಂದರೆ, ಮಸ್ಕಿ ಮತ್ತು ಬ್ರಹ್ಮಗಿರಿಯ ಬಂಡೆಗಳ ಮೇಲೆ ಅಶೋಕನ ಶಾಸನ ಕೊರೆಯುತ್ತಿದ್ದ ಕಾಲಕ್ಕೆ ಆರ್ಕಿಮಿಡೀಸ್ ಸಿಸಿಲಿಯಲ್ಲಿ ಬದುಕಿದ್ದ.

ತಂದೆಯ ಹೆಸರು ಫಿಡಿಯಾಸ್, ನಕ್ಷತ್ರಗಳ ಲೆಕ್ಕ ಮಾಡುವವನು. ಇದು ಆರ್ಕಿಮಿಡೀಸ್ ತನ್ನ ಪುಸ್ತಕವೊಂದರಲ್ಲೇ ಕೊಟ್ಟಿರುವ ಮಾಹಿತಿ. ಹೆಂಡತಿ ಮಕ್ಕಳು ಇದ್ದರೇ, ನೋಡಲು ಹೇಗಿದ್ದ, ಇದಕ್ಕೆಲ್ಲ ದಾಖಲೆ ಇಲ್ಲ. ಆ ಗಡ್ಡದ ಮುದುಕನ ಮುಖ ಚಿತ್ರಕಾರರ ಕಲ್ಪನೆ. ಈಜಿಪ್ಟಿನ ಅಲೆಕ್ಸಾಂಡ್ರಿಯದ ವಿದ್ವಾಂಸರ ಜೊತೆ ಅವನಿಗೆ ಪತ್ರವ್ಯವಹಾರ ಇತ್ತು. ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಎರಟೋಸ್ತನೀಸ್ ಅವರಲ್ಲಿ ಒಬ್ಬ. ಹೊಸ ಪ್ರಮೇಯ ಸಿಕ್ಕಿದಾಗಲೆಲ್ಲ ಅದನ್ನು ಬರೆದು ಹಡಗಿನಲ್ಲಿ ಕಳಿಸುತ್ತಿದ್ದ. ಒಮ್ಮೊಮ್ಮೆ ಬೇಕೆಂದೇ ತಪ್ಪು ಪ್ರಮೇಯವನ್ನೂ ಸೇರಿಸಿ ಕಳಿಸಿದ್ದುಂಟು, ಎಲ್ಲವೂ ನಮಗೆ ಮೊದಲೇ ಗೊತ್ತಿತ್ತು ಎನ್ನುವವರು ಸಿಕ್ಕಿಬೀಳಲಿ ಎಂದು. ನಮ್ಮಂತೆ ಫ್ಯಾಕ್ಟ್ ಚೆಕ್ ಮಾಡುವವರಿಗೆ ಅವನ ಬದುಕಿನಲ್ಲಿ ಬಹಳ ಇಷ್ಟವಾಗುವ ಸಂಗತಿ ಇದು.

ಸಿರಾಕ್ಯೂಸಿನ ದೊರೆ ಎರಡನೇ ಹಿಯೆರೊ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದವನು, ರೋಮಿನ ಜೊತೆ ಸ್ನೇಹ ಉಳಿಸಿಕೊಂಡು ಊರನ್ನು ಯುದ್ಧದಿಂದ ಕಾಪಾಡಿದವನು. ಆರ್ಕಿಮಿಡೀಸ್ ಈ ದೊರೆಯ ನೆಂಟ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಚಿನ್ನದ ಕಿರೀಟ, ಸ್ನಾನದ ತೊಟ್ಟಿ, ಬೀದಿಯಲ್ಲಿ ಬರಿಮೈಯಲ್ಲಿ ಓಡಿದ್ದು, ಆ ಕಥೆಯೂ ಇದೇ ಹಿಯೆರೊಗೆ ಸಂಬಂಧಪಟ್ಟದ್ದು. ಅದು ನಮಗೆ ಸಿಗುವುದು ರೋಮನ್ ಎಂಜಿನಿಯರ್ ವಿಟ್ರುವಿಯಸ್‌ನ ಪುಸ್ತಕದಲ್ಲಿ, ಘಟನೆ ನಡೆಯಿತು ಎನ್ನುವ ಕಾಲದಿಂದ ಸುಮಾರು ಎರಡು ಶತಮಾನ ಆದಮೇಲೆ. ಆರ್ಕಿಮಿಡೀಸ್‌ನ ಸ್ವಂತ ಬರಹದಲ್ಲಿ ತೇಲುವ ವಸ್ತುಗಳ ನಿಯಮ ಇದೆ, ತೊಟ್ಟಿಯಾಗಲಿ ಓಟವಾಗಲಿ ಇಲ್ಲ.

ರಾಟೆ ಅವನಿಗಿಂತ ಹಳೆಯದು

ಈಗ ಫಾರ್ವರ್ಡಿನ ಮೊದಲ ಸಾಲಿಗೆ ಬರೋಣ.

ನಮ್ಮ ಹಳ್ಳಿಗಳಲ್ಲಿ ಏತ ನೋಡಿದವರು ಈಗಲೂ ಇದ್ದಾರೆ. ಕಂಬದ ಮೇಲೆ ಅಡ್ಡ ಮರ, ಒಂದು ಕಡೆ ನೀರಿನ ಪಾತ್ರೆ, ಇನ್ನೊಂದು ಕಡೆ ಭಾರ. ಅದು ಸನ್ನೆಯೇ. ಇಂಥದೇ ಏತದ ಚಿತ್ರ ಈಜಿಪ್ಟಿನ ಸಮಾಧಿಗಳ ಗೋಡೆಯ ಮೇಲೆ ಇದೆ, ಆರ್ಕಿಮಿಡೀಸ್ ಹುಟ್ಟುವುದಕ್ಕೆ ಸಾವಿರ ವರ್ಷ ಮೊದಲಿನದು. ಇನ್ನು ರಾಟೆ. ಕ್ರಿ.ಪೂ. 6ನೇ ಶತಮಾನದ ಕೊನೆಯ ಹೊತ್ತಿಗೇ ಗ್ರೀಕರು ದೇವಸ್ಥಾನದ ಕಲ್ಲುಗಳನ್ನು ಕ್ರೇನಿನಿಂದ ಎತ್ತುತ್ತಿದ್ದರು. ಇದಕ್ಕೆ ಸಾಕ್ಷಿ ಆ ಕಲ್ಲುಗಳಲ್ಲೇ ಇದೆ: ಎತ್ತುವ ಇಕ್ಕಳ ಕಚ್ಚಲೆಂದು, ಕಬ್ಬಿಣದ ಬೆಣೆ ಕೂರಲೆಂದು ಕೊರೆದ ಗುಳಿಗಳು. ಆರ್ಕಿಮಿಡೀಸ್‌ಗಿಂತ ಮೊದಲಿನದು ಎಂದು ನಂಬಲಾಗುವ, ಅರಿಸ್ಟಾಟಲ್ ಹೆಸರಿನಲ್ಲಿ ಉಳಿದಿರುವ ಯಂತ್ರಗಳ ಪುಸ್ತಕವೊಂದು ಎರಡು ರಾಟೆ ಸೇರಿಸಿದರೆ ಭಾರ ಎತ್ತುವುದು ಯಾಕೆ ಸುಲಭವಾಗುತ್ತದೆ ಎಂದು ಕೇಳುತ್ತದೆ.

ಹಾಗಾದರೆ ಆರ್ಕಿಮಿಡೀಸ್ ಮಾಡಿದ್ದೇನು? ಹಾರೆ ಹಿಡಿದು ಕಲ್ಲು ಮೀಟುವ ಪ್ರತಿಯೊಬ್ಬನಿಗೂ ಗೊತ್ತಿದ್ದ ವಿಷಯವನ್ನು ಅವನು ಲೆಕ್ಕಕ್ಕೆ ತಂದ. ಸಮತಲಗಳ ಸಮತೋಲದ ಬಗ್ಗೆ ಅವನು ಬರೆದ ಪುಸ್ತಕ ಉಳಿದುಕೊಂಡಿದೆ. ಯಾರೂ ಅಲ್ಲಗಳೆಯಲಾಗದ ಸಣ್ಣ ಮಾತುಗಳಿಂದ ಅದು ಶುರುವಾಗುತ್ತದೆ. ಸಮ ತೂಕಗಳನ್ನು ಸಮ ದೂರದಲ್ಲಿ ಇಟ್ಟರೆ ತಕ್ಕಡಿ ಸಮನಾಗಿ ನಿಲ್ಲುತ್ತದೆ. ದೂರ ಬೇರೆಯಾದರೆ ಹೆಚ್ಚು ದೂರದ ಕಡೆಗೆ ವಾಲುತ್ತದೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಅವನು ತಲುಪುವ ಜಾಗ ಇದು: ತೂಕ ಎಷ್ಟು ಪಟ್ಟು ಹೆಚ್ಚೋ, ದೂರ ಅಷ್ಟೇ ಪಟ್ಟು ಕಡಿಮೆ ಇದ್ದರೆ ಎರಡೂ ಕಡೆ ಸಮ.

ಹಾರೆಯ ಮೇಲೆಯೇ ಇಟ್ಟು ನೋಡಿ. ಹಾರೆಯ ಕೆಳಗೆ ಒಂದು ಕಲ್ಲು ಕೊಡುತ್ತೇವಲ್ಲ, ಶಾಲೆಯ ಪುಸ್ತಕದಲ್ಲಿ ಅದಕ್ಕೆ ಆನಿಕೆ ಎನ್ನುತ್ತಾರೆ. ಆನಿಕೆಯಿಂದ ಬಂಡೆ 15 ಸೆಂ.ಮೀ., ಕೈ 150 ಸೆಂ.ಮೀ. ದೂರದಲ್ಲಿದ್ದರೆ ಹತ್ತು ಪಟ್ಟು ಲಾಭ. 30 ಕೆ.ಜಿ. ಭಾರ ಹಾಕಿದರೆ 300 ಕೆ.ಜಿ. ಏಳುತ್ತದೆ. ಆದರೆ ಕೈ 50 ಸೆಂ.ಮೀ. ಇಳಿದಾಗ ಬಂಡೆ ಏಳುವುದು 5 ಸೆಂ.ಮೀ. ಮಾತ್ರ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕೊಡಬೇಕು. ಈ ವ್ಯಾಪಾರದಲ್ಲಿ ರಿಯಾಯಿತಿ ಇಲ್ಲ. ರಾಟೆಗೂ ಇದೇ ಲೆಕ್ಕ, ಗ್ಯಾರೇಜಿನ ಚೈನ್ ಪುಲ್ಲಿಗೂ ಇದೇ, ಲಾರಿ ಎತ್ತುವ ಜ್ಯಾಕಿಗೂ ಇದೇ.

ಬಾವಿಯ ರಾಟೆ, ಅಂದರೆ ಕೆಲವು ಊರುಗಳಲ್ಲಿ ಗಡಗಡೆ ಎನ್ನುತ್ತಾರಲ್ಲ, ಅದು ಭಾರವನ್ನು ಅರ್ಧ ಮಾಡುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಇಲ್ಲ. ಮೇಲೆ ಗಟ್ಟಿಯಾಗಿ ಕಟ್ಟಿದ ಒಂದೇ ರಾಟೆ ಬಲದ ದಿಕ್ಕನ್ನಷ್ಟೇ ಬದಲಿಸುತ್ತದೆ. 15 ಕೆ.ಜಿ. ಕೊಡಕ್ಕೆ 15 ಕೆ.ಜಿ. ಬಲವೇ ಬೇಕು, ಉಜ್ಜುವಿಕೆ ಸೇರಿದರೆ ಸ್ವಲ್ಪ ಹೆಚ್ಚೇ. ಸುಲಭ ಅನ್ನಿಸುವುದು ಯಾಕೆಂದರೆ ಬಗ್ಗಿ ಮೇಲಕ್ಕೆ ಎಳೆಯುವ ಬದಲು ನಿಂತು ಕೆಳಕ್ಕೆ ಎಳೆಯುತ್ತೇವೆ, ನಮ್ಮ ಮೈಭಾರ ನೆರವಿಗೆ ಬರುತ್ತದೆ. ಕಪಿಲೆ ಬಾವಿಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಕ್ಕೆ ನಡೆಸುತ್ತಿದ್ದುದೂ ಇದಕ್ಕೇ. ಭಾರ ಕಡಿಮೆ ಆಗಬೇಕಾದರೆ ಇನ್ನೊಂದು ರಾಟೆ ಭಾರದ ಜೊತೆಗೇ ಮೇಲೇರುವಂತೆ ಇರಬೇಕು. ಭಾರವನ್ನು ಎರಡು ಎಳೆ ಹಗ್ಗ ಹೊತ್ತರೆ ಕೈಗೆ ಅರ್ಧ, ಆರು ಎಳೆ ಹೊತ್ತರೆ ಆರನೇ ಒಂದು ಪಾಲು. ಎಳೆಯಬೇಕಾದ ಹಗ್ಗವೂ ಆರು ಪಟ್ಟು.

ಹಡಗಿನ ಕಥೆ: ಯಾವ ಪುಸ್ತಕದಲ್ಲಿ ಏನಿದೆ?

ಪ್ಲುಟಾರ್ಕ್ ಬರೆದದ್ದು ಆರ್ಕಿಮಿಡೀಸ್ ಸತ್ತು ಸುಮಾರು 300 ವರ್ಷ ಆದಮೇಲೆ. ಅವನ ಪ್ರಕಾರ, ಎಂಥ ಭಾರವನ್ನಾದರೂ ಕೊಟ್ಟ ಬಲದಿಂದ ಸರಿಸಬಹುದು ಎಂದು ಆರ್ಕಿಮಿಡೀಸ್ ದೊರೆಗೆ ತಿಳಿಸುತ್ತಾನೆ. ಹಿಯೆರೊ ಮಾಡಿ ತೋರಿಸು ಎನ್ನುತ್ತಾನೆ. ಬಹಳ ಜನ ಸೇರಿ ದಡಕ್ಕೆ ಎಳೆದು ಹಾಕಿದ್ದ ಮೂರು ಹಾಯಿಕಂಬದ ಹಡಗಿಗೆ ಜನರನ್ನೂ ಸರಕನ್ನೂ ತುಂಬಿಸಿ, ಆರ್ಕಿಮಿಡೀಸ್ ದೂರದಲ್ಲಿ ಕೂತು ಹಲವು ರಾಟೆಗಳ ಜೋಡಣೆಯಿಂದ ನೀರಿನ ಮೇಲೆ ಜಾರಿದಂತೆ ಅದನ್ನು ಎಳೆದುಕೊಳ್ಳುತ್ತಾನೆ.

ಇನ್ನೊಂದು ನೂರು ವರ್ಷ ಕಳೆದಮೇಲೆ ಅಥೆನೇಯಸ್ ಎಂಬ ಲೇಖಕ, ತನಗಿಂತ ಹಳಬನಾದ ಮೊಸ್ಕಿಯೊನ್‌ನ ಬರಹ ಆಧರಿಸಿ ಬೇರೆ ಥರ ಹೇಳುತ್ತಾನೆ. ಹಡಗಿನ ಹೆಸರು ಸಿರಾಕ್ಯೂಸಿಯ. ಹಿಯೆರೊ ಕಟ್ಟಿಸಿದ ದೈತ್ಯ ಹಡಗು, ಒಳಗೆ ವ್ಯಾಯಾಮಶಾಲೆ, ಸ್ನಾನದ ಮನೆ, ಪುಸ್ತಕದ ಕೋಣೆ, ಅಫ್ರೊಡೈಟಿ ದೇವಿಯ ಗುಡಿ. ಕಟ್ಟಿದವನು ಕೊರಿಂತ್‌ನ ಆರ್ಕಿಯಾಸ್, ಮೇಲ್ವಿಚಾರಣೆ ಆರ್ಕಿಮಿಡೀಸ್‌ದು. ನೀರಿಗೆ ಇಳಿಸಿದ್ದು ಪೂರ್ತಿ ಹಡಗನ್ನಲ್ಲ, ಅರ್ಧ ಮುಗಿದ ಒಡಲನ್ನು. ಉಳಿದ ಕೆಲಸ ನೀರಿನ ಮೇಲೆಯೇ ಆಯಿತು. ಇಳಿಸಿದ್ದು ಒಬ್ಬನಲ್ಲ, ಕೆಲವೇ ಜನ. ಬಳಸಿದ್ದು ಹಲವು ರಾಟೆಗಳ ಜೋಡಣೆಯನ್ನಲ್ಲ, ತಿರುಪು ಇರುವ ಯಂತ್ರವನ್ನು. 5ನೇ ಶತಮಾನದ ಪ್ರೊಕ್ಲಸ್ ಬರೆಯುವಾಗ ಎಳೆದವನೇ ಬದಲಾಗುತ್ತಾನೆ, ಹಗ್ಗ ದೊರೆಯ ಕೈಗೆ ಬರುತ್ತದೆ. 12ನೇ ಶತಮಾನದ ಹೊತ್ತಿಗೆ ಆರ್ಕಿಮಿಡೀಸ್ ಎಡಗೈಯಲ್ಲೇ ಎಳೆದುಬಿಡುತ್ತಾನೆ. ಕಾಲ ಕಳೆದಂತೆ ಕೈ ಕಡಿಮೆ, ಹಡಗು ದೊಡ್ಡದು. ಫಾರ್ವರ್ಡ್ ಆಗುತ್ತಾ ಆಗುತ್ತಾ ಕಥೆ ಬೆಳೆಯುವುದಕ್ಕೆ ವಾಟ್ಸಾಪ್ ಬೇಕಾಗಿರಲಿಲ್ಲ.

ಇವುಗಳಲ್ಲಿ ಯಾವುದು ನಂಬಬಹುದಾದದ್ದು? ಲೆಕ್ಕ ಹಾಕೋಣ. ಇದು ನಮ್ಮ ಊಹೆಯ ಲೆಕ್ಕ, ಹಳೆಯ ಪುಸ್ತಕದ್ದಲ್ಲ. ಕೊಬ್ಬು ಸವರಿದ ಮರದ ದಿಮ್ಮಿಗಳ ಮೇಲೆ ಹಡಗನ್ನು ಜಾರಿಸಲು 20 ಟನ್ ಬಲ ಬೇಕು ಎಂದುಕೊಳ್ಳಿ. ಮುದುಕ 40 ಕೆ.ಜಿ. ಬಲ ಹಾಕಿ ಎಳೆಯಬಲ್ಲ ಎಂದುಕೊಳ್ಳಿ. ಆಗ 500 ಪಟ್ಟು ಲಾಭ ಕೊಡುವ ಜೋಡಣೆ ಬೇಕು. ಹಡಗು 1 ಮೀಟರ್ ಸರಿಯಲು 500 ಮೀಟರ್ ಹಗ್ಗ ಎಳೆಯಬೇಕು. ನೀರು 50 ಮೀಟರ್ ದೂರದಲ್ಲಿದ್ದರೆ 25 ಕಿ.ಮೀ. ಹಗ್ಗ! ಜೊತೆಗೆ ಉಜ್ಜುವಿಕೆ. ಮರದ ರಾಟೆಯ ಒಂದೊಂದು ಗಾಲಿಯಲ್ಲೂ ಬಲದ ಹತ್ತನೇ ಒಂದು ಪಾಲು ನಷ್ಟವಾದರೆ, ಹತ್ತು ಗಾಲಿ ದಾಟುವಷ್ಟರಲ್ಲಿ ಹಗ್ಗದಲ್ಲಿ ಉಳಿಯುವುದು ಮೊದಲಿನ ಬಲದ ಮೂರನೇ ಒಂದು ಪಾಲಿನಷ್ಟು. ಹಾಗಾಗಿ ರಾಟೆ ಸೇರಿಸುತ್ತಾ ಹೋದರೆ ಲಾಭವೂ ಅಷ್ಟೇ ಏರುತ್ತಾ ಹೋಗುವುದಿಲ್ಲ. ನೂರಾರು ಪಟ್ಟು ಲಾಭ ಬೇಕಾದರೆ ಹಗ್ಗ ಸುತ್ತುವ ಉರುಳೆ, ಅದನ್ನು ತಿರುಗಿಸುವ ಉದ್ದನೆಯ ಹಿಡಿ, ತಿರುಪು ಅಥವಾ ಹಲ್ಲಿನ ಚಕ್ರ ಬೇಕು.

ಈ ಕಾರಣಕ್ಕೆ, ತಿರುಪಿನ ಯಂತ್ರ ಮತ್ತು ಕೆಲವೇ ಜನ ಎನ್ನುವ ಅಥೆನೇಯಸ್‌ನ ಮಾತು ನಮಗೆ ಹೆಚ್ಚು ಸರಿ ಅನ್ನಿಸುತ್ತದೆ. ತಿರುಪಿನಲ್ಲಿ ಇನ್ನೊಂದು ಅನುಕೂಲ ಇದೆ. ಕೈ ಬಿಟ್ಟರೂ ಭಾರ ಹಿಂದಕ್ಕೆ ಓಡುವುದಿಲ್ಲ. ಆರ್ಕಿಮಿಡೀಸ್ ಆದಮೇಲೆ ಬಂದ ಅಲೆಕ್ಸಾಂಡ್ರಿಯದ ಹೆರೋನ್ ಇಂಥ ಯಂತ್ರಗಳನ್ನೆಲ್ಲ ವಿವರಿಸಿ, ಬಲ ಎಷ್ಟು ಕಡಿಮೆಯೋ ಕೆಲಸ ಅಷ್ಟು ನಿಧಾನ ಎಂದು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಪ್ಲುಟಾರ್ಕ್‌ನ ಕಥೆಯಲ್ಲಿ ಇಲ್ಲದೆ ಹೋದದ್ದು ಈ ನಿಧಾನವೇ.

ಭೂಮಿ ಎತ್ತುವ ಮಾತಿನ ಮರೆತ ಅರ್ಧ

ನಿಲ್ಲಲು ಒಂದು ಜಾಗ ಸಿಕ್ಕರೆ ಭೂಮಿಯನ್ನೇ ಸರಿಸುತ್ತೇನೆ ಎಂದು ಆರ್ಕಿಮಿಡೀಸ್ ಹೇಳಿದನಂತೆ. ಈಗ ಪ್ರಸಿದ್ಧವಾಗಿರುವ ರೂಪದಲ್ಲಿ ಈ ಮಾತು 4ನೇ ಶತಮಾನದ ಪಾಪ್ಪಸ್‌ನಲ್ಲಿ ಸಿಗುತ್ತದೆ. ಆರ್ಕಿಮಿಡೀಸ್‌ನ ಉಳಿದ ಪುಸ್ತಕಗಳಲ್ಲಿ ಇಲ್ಲ. ಪೋಸ್ಟರುಗಳಲ್ಲಿ ಉದ್ದನೆಯ ಸನ್ನೆಯ ಚಿತ್ರ ಹಾಕುತ್ತಾರೆ, ಛಲ ಇದ್ದರೆ ಏನೂ ಸಾಧ್ಯ ಎನ್ನುತ್ತಾರೆ.

ಮೊದಲು ಉದ್ದದ ಲೆಕ್ಕ ನೋಡಿಬಿಡಿ. ಭೂಮಿಯ ದ್ರವ್ಯರಾಶಿ ಕಿಲೋಗ್ರಾಂ ಲೆಕ್ಕದಲ್ಲಿ 6ರ ಮುಂದೆ 24 ಸೊನ್ನೆ. ಅಷ್ಟು ಭಾರವನ್ನು ಭೂಮಿಯ ಮೇಲೆಯೇ ಇಟ್ಟು ಎತ್ತುವಂತೆ ಭಾವಿಸಿ, 60 ಕೆ.ಜಿ. ಮನುಷ್ಯ ಸನ್ನೆಯ ತುದಿಯಲ್ಲಿ ಜೋತುಬಿದ್ದ ಎಂದುಕೊಂಡರೆ, ಭೂಮಿ 1 ಸೆಂ.ಮೀ. ಏಳಬೇಕಾದರೆ ಅವನು 1 ಲಕ್ಷ ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರ ಇಳಿಯಬೇಕು. ಬೆಳಕಿನ ವೇಗದಲ್ಲಿ ಹೋದರೂ 1 ಲಕ್ಷ ವರ್ಷ. ತತ್ವ ಸರಿ, ಕೆಲಸ ಆಗುವುದಿಲ್ಲ.

ನಮ್ಮ ಗಮನ ಇರಬೇಕಾದದ್ದು ಆ ಮಾತಿನ ಮೊದಲ ಅರ್ಧದ ಮೇಲೆ. ಅವನು ಕೇಳಿದ್ದು ಉದ್ದನೆಯ ಸನ್ನೆಯನ್ನಲ್ಲ, ನಿಲ್ಲಲು ಜಾಗವನ್ನು. ಭಾರದ ಲೆಕ್ಕ ಬಲ್ಲವನಿಗೆ ಗೊತ್ತು: ಕೈಗೆ ಬರುವ ಭಾರ ಕಡಿಮೆಯಾಗಬಹುದು, ಆದರೆ ಆ ಭಾರ ಮಾಯವಾಗುವುದಿಲ್ಲ. ಎಲ್ಲೋ ಒಂದು ಕಡೆ ಅದು ನೆಲೆ ನಿಲ್ಲಬೇಕು. ಆನಿಕೆಯ ಕಲ್ಲಿನ ಮೇಲೆ, ಮೇಲಿನ ಕೊಕ್ಕೆಯ ಮೇಲೆ, ನೆಲದ ಗೂಟದ ಮೇಲೆ. ಸಿರಾಕ್ಯೂಸಿನ ದಡದಲ್ಲಿ ಮುದುಕನ ಕೈಗೆ 40 ಕೆ.ಜಿ. ಬಂದಾಗ, ಹಗ್ಗ ಬಿಗಿದ ಗೂಟಕ್ಕೆ ಬಂದಿರುವುದು ಸುಮಾರು 20 ಟನ್. ಆ ಗೂಟವನ್ನು ಯಾರು ಎಷ್ಟು ಆಳಕ್ಕೆ ಹೂಳಿದರು ಎಂದು ಯಾವ ಲೇಖಕನೂ ಬರೆಯಲಿಲ್ಲ. ಅದನ್ನು ಹೂಳಿದವರು ಪ್ರದರ್ಶನಕ್ಕೆ ಮುಂಚೆ ಕೆಲಸ ಮುಗಿಸಿ ಪಕ್ಕಕ್ಕೆ ಸರಿದಿರಬೇಕು.

ಇದು ಇವತ್ತಿನ ವಿಷಯವೂ ಹೌದು. ಎರಡನೇ ಮಹಡಿಗೆ ಸಿಮೆಂಟ್ ಚೀಲ ಎತ್ತಲು ಮೇಲೆ ಒಂದು ರಾಟೆ ಕಟ್ಟಿ ಕೆಳಗಿನಿಂದ ಹಗ್ಗ ಎಳೆಯುವುದನ್ನು ನೀವು ನೋಡಿರುತ್ತೀರಿ. ಚೀಲ 50 ಕೆ.ಜಿ. ಎಳೆಯುವವನ ಬಲ 50 ಕೆ.ಜಿ. ಹಾಗಾದರೆ ಮೇಲಿನ ಕೊಕ್ಕೆಯ ಮೇಲೆ ಎಷ್ಟು? ಐವತ್ತು ಎಂದು ಹೇಳುವವರೇ ಹೆಚ್ಚು. ಸರಿ ಉತ್ತರ 100 ಕೆ.ಜಿ., ಏಕೆಂದರೆ ಹಗ್ಗದ ಎರಡೂ ಬದಿ ಅದನ್ನು ಕೆಳಕ್ಕೆ ಜಗ್ಗುತ್ತಿದೆ. ಝಾಡಿಸಿ ಎಳೆದರೆ ಇನ್ನೂ ಹೆಚ್ಚು. ಚೀಲದ ತೂಕಕ್ಕೆ ಮಾತ್ರ ಲೆಕ್ಕ ಹಾಕಿ ಬೊಂಬು ಕಟ್ಟಿದ್ದರೆ ಲೆಕ್ಕದಲ್ಲಿ ಅರ್ಧ ಬಿಟ್ಟುಹೋದ ಹಾಗೆ.

ಗ್ಯಾರೇಜಿನಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ಚೈನ್ ಪುಲ್ಲಿಯ ಒಳಗೆ ಹಲ್ಲಿನ ಚಕ್ರಗಳೂ, ಕೈಬಿಟ್ಟರೆ ಭಾರವನ್ನು ಹಿಡಿದು ನಿಲ್ಲಿಸುವ ಬ್ರೇಕೂ ಇರುತ್ತವೆ. 500 ಕೆ.ಜಿ. ಎಂಜಿನ್ ಹುಡುಗನ ಕೈಯಲ್ಲಿ ಹಗುರಾಗಿ ಮೇಲೇಳುತ್ತದೆ. ಕೈಗೆ ಹಗುರ ಎಂದ ಮಾತ್ರಕ್ಕೆ ಮೇಲಿನ ತೊಲೆಗೂ ಹಗುರ ಅನ್ನಿಸುತ್ತದೆ. ತೊಲೆ ಹೊರುತ್ತಿರುವುದು ಎಂಜಿನ್ನಿನ ಪೂರ್ತಿ ತೂಕ, ಪುಲ್ಲಿಯ ತೂಕ, ಜೊತೆಗೆ ಹುಡುಗ ಎಳೆಯುವ ಬಲ. ಶೀಟಿನ ಮಾಡು ಹೊರಲೆಂದು ಹಾಕಿದ ಪೈಪಿಗೆ ಅದನ್ನು ನೇತುಹಾಕಿದರೆ ಪುಲ್ಲಿ ಎಷ್ಟೇ ಒಳ್ಳೆಯ ಕಂಪನಿಯದಾದರೂ ಪ್ರಯೋಜನವಿಲ್ಲ. ಪುಲ್ಲಿಯ ಮೇಲೆ 1 ಟನ್ ಎಂದು ಬರೆದಿರುವುದು ಪುಲ್ಲಿಯ ಬಗ್ಗೆ ಮಾತ್ರ. ತೊಲೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತೂಗುತ್ತಿರುವ ಭಾರದ ಕೆಳಗೆ ಯಾರೂ ನಿಲ್ಲಬಾರದು ಎನ್ನುವ ನಿಯಮ ಬಂದಿರುವುದೂ ಇಂಥ ಕಾರಣಗಳಿಗೇ.

ಯುದ್ಧ ಬಂದಾಗ

ಹಿಯೆರೊ ಕ್ರಿ.ಪೂ. 215ರಲ್ಲಿ ತೀರಿಕೊಂಡ. ರೋಮ್ ಮತ್ತು ಕಾರ್ತೇಜ್ ನಡುವೆ ದೊಡ್ಡ ಯುದ್ಧ ನಡೆಯುತ್ತಿದ್ದ ಸಮಯ. ದೊರೆಯಾದ ಮೊಮ್ಮಗ ರೋಮಿನ ಸ್ನೇಹ ಬಿಟ್ಟು ಕಾರ್ತೇಜ್ ಕಡೆಗೆ ವಾಲಿದ, ಹೆಚ್ಚು ದಿನ ಬದುಕಲೂ ಇಲ್ಲ. ರೋಮಿನ ಸೇನಾನಿ ಮಾರ್ಸೆಲಸ್ ಸಿರಾಕ್ಯೂಸಿಗೆ ಮುತ್ತಿಗೆ ಹಾಕಿದ. ಆಗ ಆರ್ಕಿಮಿಡೀಸ್‌ಗೆ ಎಪ್ಪತ್ತು ದಾಟಿತ್ತು.

ಈ ಭಾಗಕ್ಕೆ ನಮ್ಮಲ್ಲಿ ಇರುವ ಅತ್ಯಂತ ಹಳೆಯ ಲೇಖಕ ಪೊಲಿಬಿಯಸ್. ಈ ಮುತ್ತಿಗೆ ಮುಗಿದು ಸುಮಾರು ಹನ್ನೆರಡು ವರ್ಷಕ್ಕೆ ಹುಟ್ಟಿದವನು, ಸೈನ್ಯದ ವಿಷಯ ಬಲ್ಲವನು. ಅವನ ಪ್ರಕಾರ ಮಾರ್ಸೆಲಸ್ 60 ಯುದ್ಧನೌಕೆಗಳ ಜೊತೆ ಬಂದ. ಅವಲ್ಲದೆ ಇನ್ನೂ ಎಂಟು ನೌಕೆಗಳನ್ನು ಎರಡೆರಡಾಗಿ ಜೋಡಿಸಿ, ಗೋಡೆ ಹತ್ತಲು ಅಗಲವಾದ ಏಣಿಗಳನ್ನು ಮಲಗಿಸಿದ್ದರು. ಆ ಏಣಿಗಳನ್ನು ಎತ್ತಿ ನಿಲ್ಲಿಸುತ್ತಿದ್ದುದು ಹೇಗೆ ಗೊತ್ತೆ? ಹಾಯಿಕಂಬದ ತುದಿಗೆ ಕಟ್ಟಿದ ರಾಟೆಗಳಲ್ಲಿ ಹಗ್ಗ ಹಾಯಿಸಿ. ಅಂದರೆ ರಾಟೆ ಎರಡೂ ಕಡೆ ಇತ್ತು.

ಗೋಡೆಯ ಒಳಗಿನ ಯಂತ್ರದ ವಿವರವೂ ಪೊಲಿಬಿಯಸ್‌ನಲ್ಲಿದೆ. ಗೋಡೆಯಾಚೆಗೆ ಚಾಚುವ ಉದ್ದನೆಯ ತೊಲೆ, ಅದರಿಂದ ಸರಪಳಿಯಲ್ಲಿ ಇಳಿಬಿಟ್ಟ ಕಬ್ಬಿಣದ ಕೈ. ಅದು ಹಡಗಿನ ಮೂತಿಯನ್ನು ಕಚ್ಚಿದ ಕೂಡಲೇ ಒಳಗಿದ್ದವರು ತೊಲೆಯ ಹಿಂಭಾಗವನ್ನು ಕೆಳಕ್ಕೆ ಒತ್ತುತ್ತಿದ್ದರು. ಮೂತಿ ಮೇಲೆದ್ದು ಹಡಗು ಹಿಂಬದಿಯ ಮೇಲೆ ನಿಂತಾಗ ಯಂತ್ರದ ಬುಡವನ್ನು ಅಲುಗದಂತೆ ಬಿಗಿದು, ಆಮೇಲೆ ಕಬ್ಬಿಣದ ಕೈಯನ್ನು ಥಟ್ಟನೆ ಬಿಟ್ಟುಬಿಡುತ್ತಿದ್ದರು. ಕೆಲವು ಹಡಗು ಮಗುಚುತ್ತಿದ್ದವು, ಕೆಲವಕ್ಕೆ ನೀರು ತುಂಬುತ್ತಿತ್ತು. ಗಮನಿಸಿ, ಇಡೀ ಹಡಗನ್ನು ಗಾಳಿಗೆ ಎತ್ತಿ ಬಿಸಾಡಿದ್ದಲ್ಲ. ಹಿಂಭಾಗ ನೀರಿನಲ್ಲೇ ಇದ್ದುದರಿಂದ ಅದರ ಭಾರವನ್ನು ಸಮುದ್ರವೇ ಹೊತ್ತಿತ್ತು. ಬುಡ ಬಿಗಿದ ಮೇಲೆ ಮುಂದಿನ ಕೆಲಸ ಎನ್ನುವ ಕ್ರಮವನ್ನೂ ನೋಡಿ. ಈ ಯಂತ್ರವನ್ನು ನಡೆಸಿದವರು ಸಿರಾಕ್ಯೂಸಿನ ಹಲವಾರು ಜನ.

ಕನ್ನಡಿಗಳಿಂದ ಬಿಸಿಲು ಹಾಯಿಸಿ ಹಡಗು ಸುಟ್ಟ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಪೊಲಿಬಿಯಸ್, ಲಿವಿ, ಪ್ಲುಟಾರ್ಕ್ ಮೂವರಲ್ಲೂ ಅದು ಇಲ್ಲ. ಬೆಂಕಿಯ ಪ್ರಸ್ತಾಪ ಬರುವುದೇ 2ನೇ ಶತಮಾನದಲ್ಲಿ, ಕನ್ನಡಿಯ ವಿವರ ಇನ್ನೂ ತಡವಾಗಿ, 6ನೇ ಶತಮಾನದಲ್ಲಿ. ನಂಬಬೇಕಾಗಿಲ್ಲ.

ನೇರ ದಾಳಿ ಬಿಟ್ಟು ಮಾರ್ಸೆಲಸ್ ದಿಗ್ಬಂಧನಕ್ಕೆ ಇಳಿದ. ಕೊನೆಗೆ ಊರು ಬಿದ್ದದ್ದು ಒಂದು ಅಳತೆಯ ಕಾರಣದಿಂದ. ರೋಮನ್ನನೊಬ್ಬ ಗೋಡೆಯ ತಗ್ಗಾದ ಭಾಗದ ಕಲ್ಲಿನ ವರಸೆಗಳನ್ನು ಎಣಿಸಿ ಎತ್ತರ ಲೆಕ್ಕ ಹಾಕಿದ, ಸಾಮಾನ್ಯ ಏಣಿಯೇ ಸಾಕು ಎಂದು ಗೊತ್ತಾಯಿತು. ಆರ್ಟೆಮಿಸ್ ದೇವಿಯ ಹಬ್ಬದಲ್ಲಿ ಊರು ಕುಡಿದು ಮಲಗಿದ್ದ ರಾತ್ರಿ ಅವರು ಹತ್ತಿ ಬಂದರು. ಉಳಿದ ಭಾಗ ಒಳಗಿನವರ ದ್ರೋಹದಿಂದ ಕೈಬಿಟ್ಟಿತು. ಆ ಲೂಟಿಯ ಗದ್ದಲದಲ್ಲಿ ಒಬ್ಬ ಸಿಪಾಯಿ ಆರ್ಕಿಮಿಡೀಸ್‌ನನ್ನು ಕೊಂದ, ಕ್ರಿ.ಪೂ. 212ರಲ್ಲಿ. ಧೂಳಿನ ಮೇಲೆ ಬರೆದ ಆಕೃತಿಗಳಲ್ಲಿ ಮುಳುಗಿದ್ದಾಗ, ಯಾರೆಂದು ತಿಳಿಯದ ಸಿಪಾಯಿ ಕೊಂದ ಎಂದು ಲಿವಿ ಬರೆಯುತ್ತಾನೆ. ಪ್ಲುಟಾರ್ಕ್ ಮೂರು ಬೇರೆ ಬೇರೆ ರೀತಿ ಕೊಡುತ್ತಾನೆ. ಅವನ ಕೊನೆಯ ಮಾತು ಎಂದು ಹರಡುವ ವಾಕ್ಯ ಆಮೇಲೆ ಸೇರಿದ್ದು. ಮಾರ್ಸೆಲಸ್‌ಗೆ ಈ ಸಾವಿನಿಂದ ಬೇಸರವಾಯಿತು ಎನ್ನುವುದರಲ್ಲಿ ಹಳೆಯ ಲೇಖಕರಿಗೆ ಒಮ್ಮತ ಇದೆ.

ಕೆರೆದು ಹಾಕಿದ ಪುಸ್ತಕ, ಮುಳ್ಳು ಬೆಳೆದ ಸಮಾಧಿ

ಆರ್ಕಿಮಿಡೀಸ್‌ಗೆ ಯಂತ್ರ ಎಂದರೆ ಕೀಳು, ಶುದ್ಧ ಗಣಿತವೇ ಮೇಲು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಅದು ಪ್ಲುಟಾರ್ಕ್‌ನ ಸ್ವಂತ ಅಭಿಪ್ರಾಯ ಇರಬಹುದು ಎಂದು ಇತಿಹಾಸಕಾರರು ಅನುಮಾನಿಸುತ್ತಾರೆ. ನಮಗೂ ಹಾಗೇ ಅನ್ನಿಸುತ್ತದೆ, ಅದಕ್ಕೆ ಬಲವಾದ ಕಾರಣ 1906ರಲ್ಲಿ ಸಿಕ್ಕಿತು. ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಇಸ್ತಾಂಬುಲ್‌ನಲ್ಲಿ, ಆಗಿನ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಒಂದು ಹಳೆಯ ಪ್ರಾರ್ಥನೆ ಪುಸ್ತಕ ನೋಡಿದ. 13ನೇ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲಿನ ಬರಹವನ್ನು ಕೆರೆದು, ಅದರ ಮೇಲೆ ಪ್ರಾರ್ಥನೆ ಬರೆದಿದ್ದರು. ಕೆರೆದ ಅಕ್ಷರಗಳು ಆರ್ಕಿಮಿಡೀಸ್‌ನವು. ಅದರಲ್ಲಿ ಎರಟೋಸ್ತನೀಸ್‌ಗೆ ಬರೆದ ಪುಸ್ತಕವೊಂದಿತ್ತು, ತಾನು ಪ್ರಮೇಯಗಳನ್ನು ಹೇಗೆ ಹುಡುಕುತ್ತೇನೆ ಎಂದು ವಿವರಿಸುವ ಪುಸ್ತಕ. ಅಲ್ಲಿ ಅವನು ಗೋಳವನ್ನು ತೆಳ್ಳನೆಯ ಬಿಲ್ಲೆಗಳಾಗಿ ಕತ್ತರಿಸಿ, ಕಲ್ಪನೆಯ ಸನ್ನೆಯೊಂದರ ಎರಡು ಕಡೆಗೆ ನೇತುಹಾಕಿ ತೂಗುತ್ತಾನೆ! ಬಂಡೆ ಮೀಟುವ ಹಾರೆಯ ನಿಯಮವೇ ಅವನಿಗೆ ಗಣಿತ ಹುಡುಕುವ ಉಪಕರಣವಾಗಿತ್ತು. ಈ ಪುಸ್ತಕ ಮಧ್ಯೆ ಮತ್ತೆ ಕಣ್ಮರೆಯಾಗಿ, 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಆಮೇಲೆ ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂನಲ್ಲಿ ವಿಶೇಷ ಬೆಳಕಿನ ಚಿತ್ರಗಳಿಂದ ಅಳಿಸಿದ ಸಾಲುಗಳನ್ನು ಓದಿದರು.

ಹೀಗೆ ತೂಗಿ ಸಿಕ್ಕಿದ ಫಲಿತಾಂಶಗಳಲ್ಲಿ ಒಂದು ಅವನಿಗೆ ಬಹಳ ಪ್ರಿಯ: ಡಬ್ಬಿಯಂಥ ಉರುಳೆಯೊಳಗೆ ಸರಿಯಾಗಿ ಕೂರುವ ಗೋಳದ ಗಾತ್ರ, ಆ ಉರುಳೆಯ ಗಾತ್ರದ ಮೂರನೇ ಎರಡು ಪಾಲು. ತನ್ನ ಸಮಾಧಿಯ ಮೇಲೆ ಇದೇ ಆಕೃತಿ ಇರಲಿ ಎಂದು ಕೇಳಿಕೊಂಡಿದ್ದನಂತೆ. ಅವನು ಸತ್ತು 137 ವರ್ಷ ಆದಮೇಲೆ, ಕ್ರಿ.ಪೂ. 75ರಲ್ಲಿ, ರೋಮಿನ ಅಧಿಕಾರಿಯಾಗಿ ಸಿಸಿಲಿಗೆ ಬಂದಿದ್ದ ಸಿಸೆರೊ ಆ ಸಮಾಧಿ ಹುಡುಕಿದ. ಊರಿನವರು ಅಂಥದ್ದೊಂದು ಇಲ್ಲವೇ ಇಲ್ಲ ಎಂದರು. ಊರ ಬಾಗಿಲ ಹತ್ತಿರ ಮುಳ್ಳಿನ ಪೊದೆಯ ಮೇಲೆ ಗೋಳ ಮತ್ತು ಉರುಳೆ ಇದ್ದ ಸಣ್ಣ ಕಂಬ ಕಂಡಿತು. ಕುಡುಗೋಲು ಕೊಟ್ಟು ಆಳುಗಳಿಂದ ಪೊದೆ ಕಡಿಸಿದ.

ಆ ಕಂಬ ಮತ್ತೆ ಕಳೆದುಹೋಗಿದೆ. ಸಿರಾಕ್ಯೂಸಿಗೆ ಹೋದ ಪ್ರವಾಸಿಗರಿಗೆ ಆರ್ಕಿಮಿಡೀಸ್ ಸಮಾಧಿ ಎಂದು ಬಂಡೆಯಲ್ಲಿ ಕೊರೆದ ಒಂದು ಗುಹೆಯನ್ನು ತೋರಿಸುತ್ತಾರೆ, ಮುಂದೆ ತ್ರಿಕೋನದ ಮುಖಮಂಟಪ ಇರುತ್ತದೆ. ಅದು ಅವನ ಕಾಲದ ನಂತರದ ರೋಮನ್ ಸಮಾಧಿ. ಆ ಫೋಟೋ ನಿಮ್ಮ ಗ್ರೂಪಿಗೆ ಬಂದರೆ ಇಷ್ಟನ್ನು ಕೆಳಗೆ ಬರೆದು ಕಳಿಸಬಹುದು.